ಪಾರೀಖತ್ತಿನಲ್ಲಿ ಎಂಟು ಲಕ್ಷದ ವಾಚು

ಸಕಲೇಶಪುರದ ಕಡೆ ಮಳೆ ಹಿಡಿದರೆ ಅದರ ಲೆಕ್ಕ ಹಾಸನದಲ್ಲಿರುವ ನನ್ನ ಮೇಜಿನ ಮೇಲೆ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಜಿನ ಒಳಗೆ ಮಂಜು ಕಟ್ಟಿದ ವಾಚುಗಳು ಬರುತ್ತಲೇ ಇರುತ್ತವೆ. ಮುಚ್ಚಳ ತೆಗೆದು, ಮಷೀನು ಹೊರಗಿಟ್ಟು, ತೇವ ಒಣಗಿಸಿ, ವಾಷರ್ ಬದಲಿಸಿ ಕೊಡುವುದು ಅರ್ಧ ದಿನದ ಕೆಲಸ. ಈಗ ಹೇಳಹೊರಟಿರುವ ವಾಚು ಕೂಡ ಅಷ್ಟೇ ಕೆಲಸಕ್ಕೆ ಬಂದಿತ್ತು. ಅದು ನನ್ನ ಕೈಬಿಟ್ಟು ಹೋಗಲು ಒಂಬತ್ತು ತಿಂಗಳು ಹಿಡಿಯಿತು. ಬಿ.ಎಂ. ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯಲ್ಲಿ ನಮ್ಮ ತಂದೆ ಹಾಕಿದ ಅಂಗಡಿಯಲ್ಲಿ ಮೂವತ್ತು ವರ್ಷಗಳಿಂದ ಕೂತಿದ್ದೇನೆ. ಒಂದು ಮನೆಯ ಪಾಲು ನನ್ನ ಒಂದು ರಸೀದಿಯ ಮೇಲೆ ನಿಂತದ್ದು ಇದೊಂದೇ ಸಲ. ಆ ಮನೆಯವರ ಒಪ್ಪಿಗೆ ಪಡೆದು, ಹೆಸರು ಮತ್ತು ಊರನ್ನು ಬಿಟ್ಟು, ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಜುಲೈ ತಿಂಗಳು. ಬಂದವರು ಕಾಫಿ ತೋಟದ ಮನೆಯ ಮಗಳು. ಮದುವೆಯಾಗಿ ಹಾಸನದಲ್ಲೇ ನೆಲೆಸಿದವರು. ಊರಿನವರೆಲ್ಲ ಗೌಡರು ಎಂದೇ ಕರೆಯುತ್ತಿದ್ದ ಅವರ ತಂದೆ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಪ್ಲಾಸ್ಟಿಕ್ ಚೀಲದೊಳಗೆ ಟವೆಲ್ ಸುತ್ತಿ ತಂದಿದ್ದ ಹಳೆಯ ಪೆಟ್ಟಿಗೆಯನ್ನು ಗಾಜಿನ ಕಟಕಟೆಯ ಮೇಲಿಟ್ಟರು.

“ಅಣ್ಣ, ಅಪ್ಪನ ವಾಚು. ಮಗ ಕಟ್ಟಿಕೊಂಡು ತೋಟಕ್ಕೆ ಹೋಗಿದ್ದ, ಒಳಗೆ ನೀರಾಗಿದೆ. ಸ್ವಲ್ಪ ಜೋಪಾನವಾಗಿ ನೋಡಿ. ಪಾಲಿನಲ್ಲಿ ಎಂಟು ಲಕ್ಷ ಹಿಡಿದು ನನಗೆ ಬಂದದ್ದು.”

ರೋಲೆಕ್ಸ್ ಸಬ್‌ಮರೀನರ್. ಕಪ್ಪು ಡಯಲ್, ಸ್ಟೀಲ್ ಚೈನು. ಡಯಲ್ ಮೇಲೆ 300 ಮೀಟರ್ ಎಂದು ಬರೆದಿತ್ತು. ಅಷ್ಟು ಆಳದ ನೀರನ್ನು ತಡೆಯಬೇಕಾದ ವಾಚು ತೋಟದ ಜಿಟಿಜಿಟಿ ಮಳೆಗೇ ಸೋತಿತ್ತು. ವಾಷರ್ ಹಳತಾದರೆ ಅಸಲಿಗೂ ನೀರು ಇಳಿಯುತ್ತದೆ, ಆದ್ದರಿಂದ ಅದೊಂದನ್ನೇ ನೋಡಿ ತೀರ್ಮಾನಿಸುವಂತಿಲ್ಲ. ಆದರೆ ಸೆಕೆಂಡಿನ ಮುಳ್ಳು ಓಡುವ ಪರಿಯನ್ನು ನೋಡಿದ ಮೇಲೆ ನನಗೆ ಬೇರೆ ಪುರಾವೆ ಬೇಕಿರಲಿಲ್ಲ. ಇದು ಅಸಲಿ ಎಂದು ಯಾರು ಹೇಳಿದರು ಎಂದು ಮೆಲ್ಲಗೆ ಕೇಳಿದೆ. ಅವರು ಪೆಟ್ಟಿಗೆಯ ತಳದಿಂದ ಎರಡು ಕಾಗದ ತೆಗೆದರು. ಒಂದು, 1995ರ ರೋಲೆಕ್ಸ್ ಗ್ಯಾರಂಟಿ ಪತ್ರ. ಇನ್ನೊಂದು ನಮ್ಮ ಅಂಗಡಿಯ ರಸೀದಿ, 2012ನೇ ಇಸವಿಯದು. “ರೋಲೆಕ್ಸ್ ವಾಚು. ಚೈನಿನ ಎರಡು ಕೊಂಡಿ ತೆಗೆದದ್ದು. ರೂ. 60.” ಕೆಳಗೆ ಅಂಗಡಿಯ ಮೊಹರು.

“ನಿಮ್ಮದೇ ಕೈಬರಹ ಅಲ್ಲವೇ ಅಣ್ಣ? ಪಾಲಿನ ದಿನ ಎಲ್ಲರೂ ಇದನ್ನೇ ನೋಡಿ ಒಪ್ಪಿದ್ದು.”

ನನ್ನದೇ ಕೈಬರಹ. ಎರಡು ದಿನ ಬಿಟ್ಟು ಬನ್ನಿ ಎಂದಷ್ಟೇ ಹೇಳಿ ಕಳಿಸಿದೆ.

ಎಂಟು ಲಕ್ಷ ಎಲ್ಲಿಂದ ಬಂತು

ಗೌಡರ ಆಸ್ತಿಗೆ ನಾಲ್ಕು ಪಾಲು. ಅಮ್ಮ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ತೋಟವನ್ನು ಅಳೆಸಿ, ಹಂಚಿನ ಮನೆಯನ್ನು ಅಮ್ಮನ ಹೆಸರಿಗೆ ಉಳಿಸಿ, ಬ್ಯಾಂಕಿನ ಠೇವಣಿ ಮತ್ತು ಒಡವೆಗಳನ್ನು ಪಟ್ಟಿ ಮಾಡಿ ಪಾಲು ಪಾರೀಖತ್ತು, ಅಂದರೆ ಆಸ್ತಿ ಹಂಚಿಕೆಯ ದಸ್ತಾವೇಜು, ಬರೆಸಿದರು. ನೋಂದಣಿಯೂ ಆಯಿತು. ಅದರ ಚರಾಸ್ತಿಯ ಷೆಡ್ಯೂಲಿನಲ್ಲಿ ಒಂದು ಸಾಲು: “ರೋಲೆಕ್ಸ್ ಕೈಗಡಿಯಾರ ಒಂದು, ಮೌಲ್ಯ ರೂ. 8,00,000.”

ಈ ಮೊತ್ತವನ್ನು ಸೂಚಿಸಿದವರು ಕಿರಿಯ ಮಗ. ಮೊಬೈಲಿನಲ್ಲಿ ಬಳಸಿದ ಸಬ್‌ಮರೀನರ್‌ಗಳ ಬೆಲೆ ಹುಡುಕಿ, ಎಲ್ಲರಿಗೂ ತೋರಿಸಿ, ಸ್ವಲ್ಪ ಇಳಿಸಿ ಬರೆಸಿದ್ದರು. ಯಾವ ವಂಚನೆಯೂ ಅದರಲ್ಲಿರಲಿಲ್ಲ. ವಾಚು ಬೇಕು ಎಂದವರು ಮಗಳು. ಕೊನೆಯ ಎರಡು ವರ್ಷ ತಂದೆಯನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಬಂದು ಹೋಗಿ ಮಾಡಿದವರು ಅವರೇ. ತಂದೆಯ ಕೈಯಲ್ಲಿದ್ದ ವಸ್ತುವೊಂದು ತನ್ನಲ್ಲಿರಲಿ ಎಂದರು, ಅಣ್ಣತಮ್ಮಂದಿರು ಒಪ್ಪಿದರು. ಅದಕ್ಕೆ ಬದಲಾಗಿ ಠೇವಣಿಯಲ್ಲಿ ತನಗೆ ಬರಬೇಕಾದ ಎಂಟು ಲಕ್ಷವನ್ನು ಅವರು ಬಿಟ್ಟುಕೊಟ್ಟರು. ಮಗನ ಎಂಜಿನಿಯರಿಂಗ್ ಓದಿಗೆ ಅದೇ ಹಣ ಎತ್ತಿಡಬಹುದಿತ್ತು ಎಂದು ಆಮೇಲೆ ಒಮ್ಮೆ ಹೇಳಿದರು. ಒಮ್ಮೆ ಮಾತ್ರ.

ಪಾಲಿನ ದಿನ ಹಜಾರದಲ್ಲಿ ಕೂತವರೆಲ್ಲ ನೋಡಿದ್ದು ಮೂರು ಸಾಕ್ಷಿ: ಅಸಲಿ ಪೆಟ್ಟಿಗೆ, ಅಸಲಿ ಗ್ಯಾರಂಟಿ ಪತ್ರ, ನನ್ನ ರಸೀದಿ. ಮೂರರಲ್ಲಿ ಯಾವುದೂ ನಕಲಿಯಲ್ಲ. ಆದರೆ ಮೂರರಲ್ಲಿ ಒಂದೂ ಆ ವಾಚಿನ ಬಗ್ಗೆ ಏನನ್ನೂ ರುಜುವಾತು ಮಾಡುತ್ತಿರಲಿಲ್ಲ. ಅದನ್ನು ತಿಳಿಯಲು ಬೇಕಾಗಿದ್ದು ಪತ್ರದ ಮೇಲಿನ ನಂಬರನ್ನು ವಾಚಿನ ಮೇಲಿನ ನಂಬರಿನ ಪಕ್ಕಕ್ಕಿಟ್ಟು ಓದುವ ಒಂದು ನಿಮಿಷ. ಯಾರೂ ಓದಲಿಲ್ಲ.

ಮುಚ್ಚಳ ತೆಗೆದಾಗ

ಆ ರಾತ್ರಿ ಅಂಗಡಿಯ ಅರ್ಧ ಬಾಗಿಲು ಎಳೆದು ವಾಚನ್ನು ಬಿಚ್ಚಿದೆ. ಕಂಡದ್ದನ್ನೆಲ್ಲ ಬರೆಯುತ್ತೇನೆ, ಏಕೆಂದರೆ ಇಂಥ ವಾಚು ಅನೇಕ ಮನೆಗಳ ಬೀರುವಿನಲ್ಲಿದೆ.

ಅಸಲಿ ಸಬ್‌ಮರೀನರಿನ ಗಾಜಿನ ಮೇಲೆ, ದಿನಾಂಕದ ಕಿಂಡಿಯ ನೇರಕ್ಕೆ, ಪುಟ್ಟ ಭೂತಗನ್ನಡಿ ಕೂರಿಸಿರುತ್ತಾರೆ. ಅದು ಅಂಕಿಯನ್ನು ಎರಡೂವರೆ ಪಟ್ಟು ಹಿಗ್ಗಿಸಿ ಕಿಂಡಿ ತುಂಬ ತೋರಿಸುತ್ತದೆ. ಇಲ್ಲಿ ಅಂಕಿಯ ಸುತ್ತ ಬಿಳಿ ಜಾಗ ಢಾಳಾಗಿ ಉಳಿದಿತ್ತು. ಆರು ಗಂಟೆಯ ಗುರುತಿನ ಬಳಿ ಗಾಜಿನಲ್ಲಿ ಲೇಸರ್‌ನಿಂದ ಕೊರೆದ ಕಿರೀಟವಿರುತ್ತದೆ. ಲೂಪ್, ಅಂದರೆ ಕಣ್ಣಿಗಿಡುವ ಭೂತಗನ್ನಡಿ, ಹಾಕಿ ಬೆಳಕಿಗೆ ಓರೆ ಹಿಡಿದರೂ ಕಷ್ಟಪಟ್ಟು ಕಾಣುವಷ್ಟು ಸೂಕ್ಷ್ಮ. ಈ ವಾಚಿನದು ಬರಿಗಣ್ಣಿಗೇ ಕಂಡಿತು. ಡಯಲಿನ ಸುತ್ತ ತಿರುಗುವ ಬಳೆ, ಅಂದರೆ ಬೆಜೆಲ್, ಅಸಲಿಯಲ್ಲಿ ಒಂದು ಸುತ್ತಿಗೆ 120 ಸಲ ಖಚಿತವಾಗಿ ಕಟಕಟ ಎನ್ನುತ್ತಾ ಒಂದೇ ದಿಕ್ಕಿಗೆ ಹೋಗುತ್ತದೆ. ಇದು ಸಡಿಲವಾಗಿ ಅಲ್ಲಾಡುತ್ತಿತ್ತು. ಕತ್ತಲಲ್ಲಿಟ್ಟರೆ ಗುರುತುಗಳು ಹಸಿರಾಗಿ ಹೊಳೆದವು. ಇದು ಯಾವ ಮಾದರಿಯ ನಕಲೋ ಆ ಮಾದರಿಯ ಅಸಲಿ ನೀಲಿಯಾಗಿ ಹೊಳೆಯುತ್ತದೆ. ಬೆನ್ನ ಮೇಲೆ ದೊಡ್ಡ ಕಿರೀಟ ಕೊರೆದಿತ್ತು. ಅಸಲಿಯ ಬೆನ್ನು ಬೋಳು.

ಚೈನಿನ ಕೊನೆಯ ಕೊಂಡಿಗಳು ಗಟ್ಟಿ ಲೋಹವಲ್ಲ, ಮಡಚಿದ ತಗಡು. ಮೇಲಿನ ಲೇಪ ಸವೆದ ಕಡೆ ಹಳದಿ ಲೋಹ ಇಣುಕುತ್ತಿತ್ತು. ಅವರ ಮಗನ ಮಣಿಕಟ್ಟಿನಲ್ಲಿ ಕೆಂಪು ಗಂಧೆ ಎದ್ದಿತ್ತೆಂದು ಕೇಳಿದಾಗ ಆಶ್ಚರ್ಯವಾಗಲಿಲ್ಲ. ಅಗ್ಗದ ಲೇಪದಲ್ಲಿ ನಿಕ್ಕಲ್ ಇರುತ್ತದೆ, ಬೆವರಿಗೆ ಬಿಡುತ್ತದೆ, ಕೆಲವರ ಚರ್ಮಕ್ಕೆ ಆಗುವುದಿಲ್ಲ. ಅಸಲಿಗೆ ರೋಲೆಕ್ಸ್ ಬಳಸುವುದು 904ಎಲ್ ಎಂಬ ದರ್ಜೆಯ ಸ್ಟೀಲು, ತುಕ್ಕಿಗೆ ಸುಲಭಕ್ಕೆ ಬಗ್ಗದ್ದು.

ಒಳಗೆ ಮಷೀನು ಒಂದು ಪ್ಲಾಸ್ಟಿಕ್ ಬಳೆಯ ಆಧಾರದಲ್ಲಿ ಕೂತಿತ್ತು. ಚಾವಿಯ ದಂಡಿಗೆ ತುಕ್ಕು ಹತ್ತಿತ್ತು, ವಾಷರ್ ಇರಬೇಕಾದ ಸಂದಿಯಲ್ಲಿ ಕೂದಲೆಳೆಯಂಥ ರಬ್ಬರು. ಒಣಗಿಸಿ, ಎಣ್ಣೆ ಹಾಕಿ ಟೈಮಿಂಗ್ ಮಷೀನಿನ ಮೇಲಿಟ್ಟೆ. ಗಂಟೆಗೆ 21,600 ಬಡಿತ, ಸೆಕೆಂಡಿಗೆ ಆರು. ಅಸಲಿಯದು 28,800, ಸೆಕೆಂಡಿಗೆ ಎಂಟು. ಮುಳ್ಳು ಜಾರಿದಂತೆ ಓಡುವುದಕ್ಕೂ ಸಣ್ಣಗೆ ತಡವರಿಸುವುದಕ್ಕೂ ಇರುವ ಅಂತರ ಈ ಎರಡು ಬಡಿತಗಳದ್ದೇ. ಅಸಲಿಯಲ್ಲಿರುವುದು ಪ್ರಮಾಣೀಕೃತ ಕ್ರೊನೊಮೀಟರ್, ಅಂದರೆ ನಿಖರತೆಯ ಪರೀಕ್ಷೆಯಲ್ಲಿ ಪಾಸಾದ ಮಷೀನು. ಅದು ದಿನಕ್ಕೆ ನಾಲ್ಕು ಸೆಕೆಂಡು ಹಿಂದೆ, ಆರು ಸೆಕೆಂಡು ಮುಂದೆ ಎಂಬ ಮಿತಿಯೊಳಗೆ ಇರಬೇಕು. ಇದು ಮಲಗಿಸಿದಾಗ ಒಂದು, ನಿಲ್ಲಿಸಿದಾಗ ಇನ್ನೊಂದು, ಒಟ್ಟು ದಿನಕ್ಕೆ ಮುಕ್ಕಾಲು ನಿಮಿಷ ಹಿಂದೆ ಬೀಳುತ್ತಿತ್ತು.

ಇನ್ನು ನಂಬರು. 1995ರ ಗ್ಯಾರಂಟಿ ಪತ್ರದಲ್ಲಿದ್ದ ಮಾದರಿ 16610. 1980ರ ದಶಕದ ಕೊನೆಯಿಂದ 2010ರವರೆಗೆ ಬಂದ ಸಬ್‌ಮರೀನರ್ ಅದು. ಬೆಜೆಲ್ ಮೇಲೆ ಅಲ್ಯೂಮಿನಿಯಂ ಪಟ್ಟಿ, ಕ್ರಮಸಂಖ್ಯೆ ಚೈನಿನ ಮರೆಯಲ್ಲಿ, ಚೈನನ್ನು ಹಿಡಿಯುವ ಎರಡು ಕಿವಿಗಳ ನಡುವೆ. ನನ್ನ ಮುಂದಿದ್ದ ನಕಲಿನ ಬೆಜೆಲ್ ಸೆರಾಮಿಕ್‌ನಂತೆ ಮಿರುಗುತ್ತಿತ್ತು, ಕಿವಿಗಳು ದಪ್ಪ, ಡಯಲಿನ ಸುತ್ತಲಿನ ಒಳಬಳೆಯ ಮೇಲೆ ಕಂಪನಿಯ ಹೆಸರು ಮತ್ತೆ ಮತ್ತೆ ಕೊರೆದು ನಂಬರೂ ಅಲ್ಲೇ ಇತ್ತು. ಇದು 2010ರಲ್ಲಿ ಬಂದ 116610ರ ನಕಲು. ನಕಲು ತನ್ನ ಅಸಲಿಗಿಂತ ಮೊದಲು ಹುಟ್ಟಲಾರದು. ಎಂದರೆ 1995ರಲ್ಲಿ ಗೌಡರು ಕೊಂಡ ವಾಚು ಇದಲ್ಲ. ಅಂಥದೊಂದು ಅಸಲಿ ವಾಚು ಒಂದು ಕಾಲಕ್ಕೆ ಆ ಪೆಟ್ಟಿಗೆಯಲ್ಲಿತ್ತು, ಈಗ ಇಲ್ಲ.

ಇದನ್ನು ಮಗಳಿಗೆ ಹೇಳಿದಾಗ ಅವರು ಅಳಲಿಲ್ಲ. ಪೆಟ್ಟಿಗೆಯ ಮುಚ್ಚಳವನ್ನು ಮುಚ್ಚಿ, “ಬೀರುವಿನ ಕೀಲಿ ಕೊನೆಯ ದಿನಗಳಲ್ಲಿ ದೊಡ್ಡಣ್ಣನ ಹತ್ತಿರವೇ ಇತ್ತು” ಎಂದರು.

ನಾನು ಆಗಲೇ ಮಾತಾಡಬೇಕಿತ್ತು. ರಸೀದಿ 2012ರದು, ಅಂದು ನಾನು ಕೊಂಡಿ ತೆಗೆದದ್ದು ಇದೇ ವಾಚಿನದು, ಗೌಡರು ಬದುಕಿದ್ದಾಗಲೇ ಇದು ಅವರ ಕೈಯಲ್ಲಿತ್ತು ಎಂದು ಹೇಳಿದ್ದರೆ ದೊಡ್ಡ ಮಗನ ಮೇಲಿನ ಸಂಶಯ ಅಲ್ಲೇ ಸುಟ್ಟುಹೋಗುತ್ತಿತ್ತು. ಆದರೆ ಹಾಗೆ ಹೇಳಿದರೆ ಮರುಪ್ರಶ್ನೆ ಬರುತ್ತದೆ: ಅಂದೇ ನಿಮಗೆ ನಕಲು ಎಂದು ಗೊತ್ತಾಗಲಿಲ್ಲವೇ? ಗೊತ್ತಾಗಿತ್ತು. ತಗಡಿನ ಕೊಂಡಿಯನ್ನು ಕಳಚಿದ ಕೈಗೆ ಗೊತ್ತಾಗದೆ ಇರುತ್ತದೆಯೇ? ಕಟಕಟೆಯ ಆಚೆ ಗೌಡರು ನಿಂತಿದ್ದರು, ನಮ್ಮ ತಂದೆಯ ಕಾಲದಿಂದ ಬರುತ್ತಿದ್ದವರು. ಪಕ್ಕದಲ್ಲಿ ಬೇರೆ ಗಿರಾಕಿಗಳಿದ್ದರು. ಅವರಿಗೆ ಗೊತ್ತಿದ್ದರೆ ನಾನು ಹೇಳುವುದು ಅವಮಾನ, ಗೊತ್ತಿಲ್ಲದಿದ್ದರೆ ಇನ್ನೂ ದೊಡ್ಡ ಅವಮಾನ ಎಂದುಕೊಂಡು “ರೋಲೆಕ್ಸ್ ವಾಚು” ಎಂದು ಬರೆದು ಅರವತ್ತು ರೂಪಾಯಿ ತೆಗೆದುಕೊಂಡಿದ್ದೆ. ಅದನ್ನು ಮರ್ಯಾದೆ ಎಂದು ಭಾವಿಸಿದ್ದೆ.

ಆ ಹೆದರಿಕೆಯಿಂದ ಎರಡು ತಿಂಗಳು ಸುಮ್ಮನಿದ್ದೆ. ಅಷ್ಟರಲ್ಲಿ ಗೌರಿ ಹಬ್ಬ ಬಂತು. ತವರಿನಿಂದ ದೊಡ್ಡಣ್ಣ ತಂದ ಬಾಗಿನವನ್ನು ತಂಗಿ ಬಾಗಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದರು ಎಂದು ಅವರ ಪಕ್ಕದ ಬೀದಿಯವರೊಬ್ಬರು ಅಂಗಡಿಯಲ್ಲಿ ಹೇಳಿದರು. ಮರುದಿನ ಅಂಗಡಿ ಮುಚ್ಚಿ ಸಕಲೇಶಪುರದ ಬಸ್ ಹತ್ತಿದೆ.

ಹಜಾರದಲ್ಲಿ ನಡೆದ ಮಾತು

ದೊಡ್ಡ ಮಗ, ಕಿರಿಯ ಮಗ, ಫೋನ್ ಮಾಡಿ ಕರೆಸಿದ್ದ ಮಗಳು ಮತ್ತು ಅವರ ಯಜಮಾನರು ಕೂತಿದ್ದರು. ನಾನು 2012ರ ರಸೀದಿಯ ಕತೆಯನ್ನು ಪೂರ್ತಿ ಹೇಳಿದೆ. ದೊಡ್ಡ ಮಗ ಬಹಳ ಹೊತ್ತು ನನ್ನ ಮುಖವನ್ನೇ ನೋಡಿ, “ಅಂದು ನೀವು ಒಂದು ಪದ ಹೆಚ್ಚಿಗೆ ಬರೆದಿದ್ದರೆ ನನ್ನ ತಂಗಿ ನನ್ನನ್ನು ಕಳ್ಳ ಎನ್ನುತ್ತಿರಲಿಲ್ಲ” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಹಾಗಾದರೆ ಅಸಲಿ ಏನಾಯಿತು ಎಂಬ ಪ್ರಶ್ನೆ ಉಳಿದಿತ್ತು. ಅದಕ್ಕೆ ಉತ್ತರ ಬಂದದ್ದು ಅಡುಗೆಮನೆಯ ಬಾಗಿಲಿನಿಂದ. ಎಲ್ಲರಿಗೂ ಕಾಫಿ ತಂದಿಟ್ಟ ಅಮ್ಮ ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದರು.

“ಆ ವಾಚನ್ನು ನಿಮ್ಮಪ್ಪ ಯಾವತ್ತೋ ಮಾರಿದರಲ್ಲ” ಎಂದರು.

ಅವರು ಹೇಳಿದ್ದನ್ನು ಅರ್ಥ ಮಾಡಿಕೊಳ್ಳಲು ಕಾಫಿಯ ಇತಿಹಾಸ ಸ್ವಲ್ಪ ಬೇಕು. 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಿದ್ದು ಜಗತ್ತಿನ ಕಾಫಿ ಬೆಲೆ ಗಗನಕ್ಕೇರಿತು. ಇಲ್ಲಿ ಕಾಫಿ ಮಂಡಳಿಗೇ ಬೆಳೆ ಒಪ್ಪಿಸಬೇಕಾಗಿದ್ದ ಪೂಲಿಂಗ್ ಪದ್ಧತಿ ಸಡಿಲವಾಗಿ, ಬೆಳೆಗಾರರು ತಾವೇ ಮಾರುಕಟ್ಟೆಗೆ ಮಾರಲು ಶುರು ಮಾಡಿದ್ದ ಕಾಲವೂ ಅದೇ. ಹಾಸನ, ಚಿಕ್ಕಮಗಳೂರು, ಕೊಡಗಿನ ತೋಟದ ಮನೆಗಳಿಗೆ ಹಿಂದೆಂದೂ ಕಾಣದ ಹಣ ಬಂತು. ಗೌಡರು ದುಬೈನಲ್ಲಿದ್ದ ನೆಂಟರ ಮೂಲಕ ರೋಲೆಕ್ಸ್ ತರಿಸಿದ್ದು 1995ರಲ್ಲಿ. ಆಮೇಲೆ ವಿಯೆಟ್ನಾಂ ರೊಬಸ್ಟಾವನ್ನು ರಾಶಿ ರಾಶಿ ಬೆಳೆಯಿತು, ಬೆಲೆ ವರ್ಷದಿಂದ ವರ್ಷಕ್ಕೆ ಕುಸಿದು 2001-02ರ ಹೊತ್ತಿಗೆ ದಶಕಗಳಲ್ಲೇ ಕನಿಷ್ಠಕ್ಕೆ ಇಳಿಯಿತು. ಕೊಯ್ಲಿನ ಕೂಲಿಯೂ ಹುಟ್ಟದ ಆ ವರ್ಷಗಳನ್ನು ಈ ಭಾಗದ ಯಾವ ಬೆಳೆಗಾರನೂ ಮರೆತಿಲ್ಲ.

“ಬಟವಾಡೆಗೆ ದುಡ್ಡಿರಲಿಲ್ಲ” ಎಂದರು ಅಮ್ಮ. ಬಟವಾಡೆ ಎಂದರೆ ತೋಟದ ಲೈನು ಮನೆಗಳಲ್ಲಿರುವ ಆಳುಗಳಿಗೆ ಕೂಲಿ ಹಂಚುವುದು. “ಲೈನು ಮನೆಯವರು ಮೂರು ವಾರ ತಡೆದುಕೊಂಡಿದ್ದರು. ನನ್ನ ಬಳೆ ಕೊಡುತ್ತೇನೆ ಎಂದೆ, ಬೇಡ ಎಂದರು. ವಾಚು ತೆಗೆದುಕೊಂಡು ಬೆಂಗಳೂರಿಗೆ ಹೋದರು. ಪೆಟ್ಟಿಗೆ, ಕಾಗದ ಇಲ್ಲೇ ಬಿಟ್ಟು ಹೋದರು. ಅದೂ ಇದ್ದಿದ್ದರೆ ಹೆಚ್ಚಿಗೆ ಬರುತ್ತಿತ್ತಂತೆ. ಆದರೆ ಪೆಟ್ಟಿಗೆ ಕಾಣದಿದ್ದರೆ ಮಕ್ಕಳು ಕೇಳುತ್ತಾರೆ ಎಂದರು.”

ಮುಂದಿನ ಹತ್ತು ವರ್ಷ ಗೌಡರು ಕಟ್ಟಿದ್ದು ಎಚ್‌ಎಂಟಿ. ಅದು ನನಗೂ ನೆನಪಿದೆ, ಕೀ ಕೊಡುವ ಆ ವಾಚನ್ನು ಎರಡು ಸಲ ಎಣ್ಣೆ ಹಾಕಿ ಕೊಟ್ಟಿದ್ದೇನೆ. ಒಳ್ಳೆಯ ವಾಚನ್ನು ತೋಟದ ಮಣ್ಣಿಗೆ ಹಾಕಬಾರದೆಂದು ಅಪ್ಪ ಒಳಗಿಟ್ಟಿದ್ದಾರೆ ಎಂದು ಮಕ್ಕಳು ನಂಬಿದ್ದರು. ಹಾಸ್ಟೆಲಿನಲ್ಲಿದ್ದವರಿಗೆ ಬೀರುವಿನೊಳಗೆ ಏನಿದೆ ಏನಿಲ್ಲ ಎಂಬುದು ಎಲ್ಲಿಂದ ತಿಳಿಯಬೇಕು? 2012ರಲ್ಲಿ ಮಗಳ ಮದುವೆ ಗೊತ್ತಾಯಿತು. ಬೀಗರ ಮುಂದೆ ಬರಿಗೈಯಲ್ಲಿ ನಿಲ್ಲಲು ಅವರಿಗೆ ಮನಸ್ಸಾಗಲಿಲ್ಲ. ವಿದೇಶಕ್ಕೆ ಹೋಗಿಬರುತ್ತಿದ್ದ ಸೋದರಳಿಯನೊಬ್ಬನಿಂದ ಫಸ್ಟ್ ಕಾಪಿ ತರಿಸಿಕೊಂಡರು. ಕೆಲವೇ ಸಾವಿರದ ವಸ್ತು. ಕೈಗೆ ದೊಡ್ಡದಾಯಿತು, ನನ್ನ ಬಳಿ ಬಂದು ಎರಡು ಕೊಂಡಿ ತೆಗೆಸಿದರು.

ಯಾರ ಮದುವೆಗಾಗಿ ಆ ನಕಲು ಮನೆಗೆ ಬಂತೋ ಆ ಮಗಳೇ ಎದುರಿಗೆ ಕೂತಿದ್ದರು. ಅವರು ಕೇಳಿದ್ದು ಒಂದೇ: “ಅಮ್ಮ, ಪಾಲಿನ ದಿನ ಯಾಕೆ ಹೇಳಲಿಲ್ಲ?”

“ನನ್ನನ್ನು ಯಾರು ಕೇಳಿದರು? ಎಲ್ಲಿ ಸಹಿ ಹಾಕಬೇಕೆಂದು ತೋರಿಸಿದಿರಿ, ಹಾಕಿದೆ. ವಾಚು ನಿನಗೆ ಕೊಟ್ಟರು ಎಂದು ಗೊತ್ತಿತ್ತು. ಅದಕ್ಕೆ ಎಂಟು ಲಕ್ಷ ಕಟ್ಟಿದ್ದಾರೆ ಎಂದು ಇವತ್ತೇ ಕೇಳುತ್ತಿರುವುದು.”

ಈ ಪ್ರಕರಣದಲ್ಲಿ ನನ್ನನ್ನು ಅತಿಯಾಗಿ ಕಾಡಿದ್ದು ಈ ಮಾತು. ನಾಲ್ಕರಲ್ಲಿ ಒಂದು ಪಾಲಿಗೆ ಹಕ್ಕುದಾರರಾದ, ಮನೆಯ ಪ್ರತಿ ವಸ್ತುವಿನ ಹಿಂದಿನ ಸಂಗತಿ ಬಲ್ಲ ಒಬ್ಬರೇ ಒಬ್ಬರನ್ನು ಷೆಡ್ಯೂಲು ಬರೆಯುವಾಗ ಯಾರೂ ಹಜಾರಕ್ಕೆ ಕರೆದಿರಲಿಲ್ಲ. ಪಟ್ಟಿಯನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದ್ದರೆ ಸಾಕಿತ್ತು.

ನಕಲು ವಾಚು ಕಟ್ಟುವವರನ್ನು ನಾನು ಕೀಳಾಗಿ ಕಂಡವನಲ್ಲ. ಆಸೆಗೂ ಸಂಪಾದನೆಗೂ ನಡುವೆ ಇರುವ ದೂರವನ್ನು ಈ ಕಟಕಟೆಯಲ್ಲಿ ಕೂತು ದಿನವೂ ನೋಡುತ್ತೇನೆ. ಆದರೆ ಗೌಡರ ವಾಚಿನ ನಂತರ ನನಗೆ ಒಂದು ಸ್ಪಷ್ಟವಾಗಿದೆ. ಕಟ್ಟಿಕೊಂಡವನಿಗೆ ಅದು ನಕಲೆಂದು ಗೊತ್ತಿರುತ್ತದೆ, ಆದ್ದರಿಂದ ಅವನು ಬದುಕಿರುವವರೆಗೆ ಅದರಿಂದ ಅವನಿಗೆ ನಷ್ಟವಿಲ್ಲ. ಅವನು ಹೋದ ದಿನ ಆ ತಿಳಿವಳಿಕೆ ಅವನೊಂದಿಗೇ ಹೋಗುತ್ತದೆ, ವಾಚು ಉಳಿಯುತ್ತದೆ. ಅಂದಿನಿಂದ ಅದು ಅಸಲಿಯಾಗಲು ಶುರುವಾಗುತ್ತದೆ. ಗೌಡರು ಆಳುಗಳ ಕೂಲಿಗಾಗಿ ತಮ್ಮ ಪ್ರೀತಿಯ ವಸ್ತುವನ್ನು ಮಾರಿದವರು. ಅದನ್ನು ಮಕ್ಕಳಿಗೆ ಹೇಳಿದ್ದರೆ ಅವರ ಗೌರ‍ವ ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ. ಮುಚ್ಚಿಡಲು ಯೋಗ್ಯವಲ್ಲದ್ದನ್ನು ಮುಚ್ಚಿಟ್ಟರು ಎಂಬುದು ನನ್ನ ಸಂಕಟ.

ಲೆಕ್ಕ ಮತ್ತು ಕಾನೂನು

ಮಗಳ ಯಜಮಾನರು ಮೊದಲು ಆಡಿದ ಮಾತು, “ಹಾಗಾದರೆ ಇದನ್ನು ಯಾರಿಗಾದರೂ ದಾಟಿಸಿಬಿಡೋಣ, ಪೆಟ್ಟಿಗೆ ಕಾಗದ ಅಸಲಿಯೇ ಇದೆಯಲ್ಲ” ಎಂದು. ಸಿಟ್ಟಿನಲ್ಲಿ ಆಡಿದ ಮಾತು, ಕೆಟ್ಟ ಮನುಷ್ಯರಲ್ಲ. ನಾನು ಅಲ್ಲೇ ತಡೆದೆ. 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ 104ನೇ ಕಲಮಿನ ಪ್ರಕಾರ ಸುಳ್ಳು ಮುದ್ರೆಯ ವಸ್ತುವನ್ನು ಮಾರುವುದು, ಮಾರಲೆಂದು ಇಟ್ಟುಕೊಳ್ಳುವುದು ಅಪರಾಧ. ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡ. ಸ್ವಂತಕ್ಕೆ ಕಟ್ಟಿಕೊಳ್ಳುವವರನ್ನು ಆ ಕಲಮು ಮುಟ್ಟುವುದಿಲ್ಲ, ಮಾರಲು ಹೊರಟ ಕ್ಷಣ ಮುಟ್ಟುತ್ತದೆ. “ಇದು ಫಸ್ಟ್ ಕಾಪಿ” ಎಂದು ಬಾಯಿಬಿಟ್ಟು ಹೇಳಿ ಮಾರಿದರೂ ಮುದ್ರೆ ಸುಳ್ಳಾಗಿಯೇ ಉಳಿಯುವುದರಿಂದ ಮಾರಿದವನಿಗೆ ರಕ್ಷಣೆ ಇಲ್ಲ. ಅಸಲಿ ಎಂದು ನಂಬಿಸಿ ಮಾರಿದರೆ ಅದರ ಮೇಲೆ ವಂಚನೆಯ ಅಪರಾಧ ಬೇರೆ. ಇಟಲಿಯಂಥ ದೇಶದಲ್ಲಂತೂ ನಕಲು ಕೊಂಡವರಿಗೂ ದಂಡ ಉಂಟು. ಎಲ್ಲಕ್ಕಿಂತ ಹೆಚ್ಚಾಗಿ, ಈ ಮನೆ ಅನುಭವಿಸಿದ್ದನ್ನೇ ಇನ್ನೊಂದು ಮನೆಗೆ ಕಟ್ಟಿ ಕಳಿಸುವುದಾಗುತ್ತದೆ ಎಂದೆ. ಅವರು ತಲೆತಗ್ಗಿಸಿದರು.

ಪಾರೀಖತ್ತಿನ ಬಗ್ಗೆ ಹಾಸನದ ವಕೀಲರೊಬ್ಬರನ್ನು ಎಲ್ಲರೂ ಕೂಡಿಯೇ ಕಂಡರು. 1872ರ ಕರಾರು ಕಾಯಿದೆಯ 20ನೇ ಕಲಮು ಹೇಳುವುದು, ಒಪ್ಪಂದಕ್ಕೆ ಮುಖ್ಯವಾದ ಸಂಗತಿಯ ಬಗ್ಗೆ ಎರಡೂ ಕಡೆಯವರು ತಪ್ಪು ತಿಳಿದಿದ್ದರೆ ಆ ಒಪ್ಪಂದ ಶೂನ್ಯ. ಆದರೆ ಅದೇ ಕಲಮಿಗೆ ಒಂದು ವಿವರಣೆ ಇದೆ: ವಸ್ತುವಿನ ಬೆಲೆಯ ಬಗ್ಗೆ ಇಟ್ಟುಕೊಂಡ ತಪ್ಪು ಅಭಿಪ್ರಾಯ ಸಂಗತಿಯ ತಪ್ಪಲ್ಲ. ದೊಡ್ಡ ಮಗ ಹಿಡಿದುಕೊಂಡದ್ದು ಈ ವಿವರಣೆಯನ್ನು. ವಾಚು ಬೇಕೆಂದವಳು ಅವಳೇ, ಬೆಲೆ ಹೆಚ್ಚು ಕಟ್ಟಿದ್ದು ಎಲ್ಲರ ತಪ್ಪು, ಕಾನೂನು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದರು. ಕಳ್ಳನೆಂಬ ಮಾತು ಕೇಳಿದ ನೋವು ಇನ್ನೂ ಆರಿರಲಿಲ್ಲ ಎಂಬುದನ್ನು ನೆನಪಿಡಬೇಕು. ವಕೀಲರು ಒಪ್ಪಲಿಲ್ಲ. ಎಂಟು ಲಕ್ಷದ ರೋಲೆಕ್ಸ್ ಆರು ಲಕ್ಷಕ್ಕೆ ಹೋದರೆ ಅದು ಬೆಲೆಯ ತಪ್ಪು, ಇಲ್ಲಿ ರೋಲೆಕ್ಸೇ ಇಲ್ಲ, ಪಟ್ಟಿಯಲ್ಲಿ ಬರೆದ ವಸ್ತು ಬೀರುವಿನಲ್ಲಿ ಇರಲೇ ಇಲ್ಲ ಎಂದರು. ದಸ್ತಾವೇಜು ರದ್ದತಿಗೆ ದಾವೆ ಹೂಡುವುದಾದರೆ ತಪ್ಪು ತಿಳಿದ ದಿನದಿಂದ ಮೂರು ವರ್ಷ ಅವಧಿ ಇದೆ, ಆದರೆ ಹಾಗೆ ಮಾಡಿದರೆ ತೋಟದ ಪಾಲೂ ಮತ್ತೆ ಬಿಚ್ಚಿಕೊಳ್ಳುತ್ತದೆ ಎಂದು ಎಚ್ಚರಿಸಿದರು.

ದಾರಿ ತೋರಿಸಿದ್ದು ಕಿರಿಯ ಮಗ, ಒಂದು ತುಂಡು ಕಾಗದದ ಮೇಲೆ. ಇಲ್ಲದ ಎಂಟು ಲಕ್ಷವನ್ನು ಆಸ್ತಿಗೆ ಸೇರಿಸಿ ನಾಲ್ಕು ಪಾಲು ಮಾಡಿದೆವು ಎಂದರು ಅವರು. ಅದನ್ನು ಕಳೆದರೆ ಪ್ರತಿ ಪಾಲೂ ಎರಡು ಲಕ್ಷ ಇಳಿಯಬೇಕು. ಇಳಿದದ್ದು ಅಕ್ಕನ ಪಾಲು ಮಾತ್ರ, ಅದೂ ಎಂಟು ಲಕ್ಷ. ಆದ್ದರಿಂದ ಅಮ್ಮ, ಅಣ್ಣ, ತಾನು ತಲಾ ಎರಡು ಲಕ್ಷ ಕೊಟ್ಟರೆ ಅಕ್ಕನಿಗೆ ಆರು ಲಕ್ಷ ಸೇರಿ ನಾಲ್ವರೂ ಸಮ. ಪಾರೀಖತ್ತನ್ನು ಮುಟ್ಟುವುದು ಬೇಡ, ನಾಲ್ವರ ಸಹಿಯ ಒಂದು ತಿಳಿವಳಿಕೆ ಪತ್ರ ಸಾಕು. ವಕೀಲರು ಅದನ್ನೇ ಬರೆದುಕೊಟ್ಟರು. ಈ ಸಲ ಅಮ್ಮನ ಮುಂದೆ ಓದಿದರು.

ಅಮ್ಮ ಆ ವಾರವೇ ಕೊಟ್ಟರು. ಕಿರಿಯ ಮಗ ರೊಬಸ್ಟಾ ಕೊಯ್ಲು ಮುಗಿದು ಚೆರ್ರಿ ಮಾರಿದ ಮೇಲೆ, ಮಾರ್ಚ್‌ನಲ್ಲಿ ಕೊಟ್ಟರು. ದೊಡ್ಡ ಮಗ ಕಾಳುಮೆಣಸು ಮಾರಿ ಒಂದು ಲಕ್ಷ ಕೊಟ್ಟಿದ್ದಾರೆ, ಇನ್ನೊಂದು ಲಕ್ಷ ಬಾಕಿ ಇದೆ. ತಂಗಿ ಕೇಳಿಲ್ಲ.

ಏಪ್ರಿಲ್‌ನಲ್ಲಿ ಅವರು ವಾಚು ಒಯ್ಯಲು ಬಂದರು. ಕಂಪನಿಯ ಸರ್ವಿಸ್ ಕೇಂದ್ರ ನಕಲನ್ನು ಮುಟ್ಟುವುದಿಲ್ಲ, ಹಾಗಾಗಿ ಮುಂದೆಯೂ ರಿಪೇರಿ ನನ್ನಂಥವರಲ್ಲೇ. ತುಕ್ಕು ಹತ್ತಿದ ದಂಡಿ ಬದಲಿಸಿ, ಅಳತೆಗೆ ಹತ್ತಿರದ ವಾಷರ್ ಹುಡುಕಿ ಹಾಕಿದ್ದೆ. 1995ರ ಗ್ಯಾರಂಟಿ ಪತ್ರವನ್ನು ಅವರು ಆ ಪೆಟ್ಟಿಗೆಯಲ್ಲಿಡಲು ಒಪ್ಪಲಿಲ್ಲ, ಬೇರೆ ಲಕೋಟೆಯಲ್ಲಿ ಇಟ್ಟುಕೊಂಡರು. 2012ರ ರಸೀದಿಯನ್ನು ನನಗೆ ವಾಪಸು ಕೊಟ್ಟು, “ಹೊಸದು ಬರೆದುಕೊಡಿ ಅಣ್ಣ. ಮಗ ಓದಿದರೆ ತಿಳಿಯುವಂತೆ ಬರೆಯಿರಿ” ಎಂದರು.

ಹಳೆಯದನ್ನು ಮುಂದಿಟ್ಟುಕೊಂಡೇ ಬರೆದೆ: “ರೋಲೆಕ್ಸ್ ಸಬ್‌ಮರೀನರ್ ವಾಚಿನ ನಕಲು. 2012ರಲ್ಲಿ ಕೊಂಡದ್ದು. ಜೊತೆಗಿರುವ ಪೆಟ್ಟಿಗೆ 1995ರ ಬೇರೆ ವಾಚಿನದು. ಆ ವಾಚನ್ನು 2002ರಲ್ಲಿ ತೋಟದ ಬಟವಾಡೆಗಾಗಿ ಮಾರಲಾಗಿದೆ. ಚಾವಿ ದಂಡಿ, ವಾಷರ್ ಬದಲಾವಣೆ, ರೂ. 450. ನೀರಿಗೆ ಹಾಕಬಾರದು.”

ಮೊಹರು ಒತ್ತಿ ಕೊಟ್ಟೆ. ಅವರು ಎರಡು ಸಲ ಓದಿ, ಬಟವಾಡೆ ಎಂಬ ಪದದ ಕೆಳಗೆ ನನ್ನದೇ ಪೆನ್ನಿನಿಂದ ಒಂದು ಗೆರೆ ಎಳೆದು, ನಾಲ್ಕಾಗಿ ಮಡಚಿ ಪೆಟ್ಟಿಗೆಯ ತಳದಲ್ಲಿಟ್ಟರು.